ಹೊಳೆ ದಾಟಿಸುವ ದೋಣಿಗಳ ದಡದ ಕೆಲಸ: ಉಸುಕಿನ ನೀರಿಗೆ ಯಾವ ಲೆಕ್ಕ?

ಆನೆಗೊಂದಿ_ದಂಡಿ:

ಮುಂಗಾರಿಗೆ ಮುಂಚೆ ಎರಡು ದೋಣಿ ದಡಕ್ಕೆ ಎಳೆಯಬೇಕಾಗಿದೆ. ಒಂದು 8 ಮೀಟರ್ ಉದ್ದದ ಫೈಬರ್ ದೋಣಿ, ಹಿಂದೆ 40 ಎಚ್‌ಪಿಯ ಹೊರಗೆ ನೇತು ಹಾಕುವ ಟೂ ಸ್ಟ್ರೋಕ್ ಔಟ್‌ಬೋರ್ಡ್. ಇನ್ನೊಂದು 5 ಮಿ.ಮೀ. ಕಬ್ಬಿಣದ ಪ್ಲೇಟಿನದು, ಒಳಗೆ ನೀರಿನಿಂದ ತಂಪಾಗುವ ಡೀಸೆಲ್ ಇಂಜಿನ್, 40 ಮಿ.ಮೀ. ಶಾಫ್ಟು. ಜನ, ಬೈಕು, ಹಾಲಿನ ಕ್ಯಾನು, ಗೊಬ್ಬರದ ಚೀಲ ಎಲ್ಲಾ ಇವೆರಡರಲ್ಲೇ ದಾಟಬೇಕು.

ಇಂಜಿನ್ ಜೊತೆ ಬಂದ ಪುಸ್ತಕದಲ್ಲಿ ಸರ್ವಿಸ್ ಅವಧಿ ಬರೆದಿದೆ. ಆದರೆ ತುಂಗಭದ್ರೆಯನ್ನು ನೋಡಿ ಬರೆದದ್ದಲ್ಲ ಅದು. ಇಲ್ಲಿ ಬೇಸಿಗೆಯಲ್ಲಿ ಬಂಡೆ ತಲೆ ಎತ್ತುತ್ತವೆ, ದಡ ಮುಟ್ಟುವಾಗೆಲ್ಲ ಉಸುಕು ಕಲಕುತ್ತದೆ, ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆ ಕೆಂಪಾಗುತ್ತದೆ. ಸಮುದ್ರದ ಉಪ್ಪು ಮಾತ್ರ ಇಲ್ಲ. ಯಾವ ಅವಧಿ ಕಡಿಮೆ ಮಾಡಬೇಕು, ಯಾವುದು ಹಾಗೇ ಇರಬಹುದು, ಯಾವ ಸಾಮಾನು ದಡದ ಪೆಟ್ಟಿಗೆಯಲ್ಲಿ ಸದಾ ಇರಬೇಕು? ಗೊತ್ತಿದ್ದವರು ಅಳತೆ ಸಮೇತ ಬರೆಯಿರಿ.

ಗಂಗಾವತಿ_ಲೇಥ್:

ಔಟ್‌ಬೋರ್ಡಿನಿಂದ ಶುರು ಮಾಡ್ತೀನಿ. ನಮ್ಮ ಹೊಳೆಯಲ್ಲಿ ಮೊದಲು ಸಾಯೋದು ನೀರಿನ ಪಂಪಿನ ಇಂಪೆಲ್ಲರ್. ರಬ್ಬರಿನ ಆ ಚಕ್ರಕ್ಕೆ ಸ್ವಚ್ಛ ನೀರೇ ಎಣ್ಣೆ ಇದ್ದ ಹಾಗೆ. ಉಸುಕಿನ ನೀರು ಅದಕ್ಕೆ ಸಾಣೆ ಕಲ್ಲು. ಪುಸ್ತಕ ವರ್ಷಕ್ಕೊಮ್ಮೆ ಅಂತ ಹೇಳಿದ್ದರೆ ನೀವು ಎರಡು ಸಲ ಬದಲಿಸಿ: ಮುಂಗಾರಿಗೆ ಮುಂಚೆ ಒಂದು, ಕೆಂಪು ನೀರು ಇಳಿದ ಮೇಲೆ ಒಂದು. ತೆಗೆದಾಗ ಇಂಪೆಲ್ಲರ್ ಅಷ್ಟೇ ನೋಡಬೇಡಿ. ಅದು ತಿರುಗುವ ಸ್ಟೀಲ್ ಬಟ್ಟಲು, ಕೆಳಗಿನ ತಗಡು ಎರಡರ ಮೇಲೂ ಉಗುರು ಎಳೆಯಿರಿ. ಉಗುರು ಗೀರಿಗೆ ಸಿಕ್ಕಿದರೆ ಅವೂ ಹೊಸವು ಬೇಕು, ಇಲ್ಲದಿದ್ದರೆ ಹೊಸ ರಬ್ಬರ್ ಹಾಕಿದರೂ ಒತ್ತಡ ಬರಲ್ಲ.

ಕೂರಿಸುವಾಗ ಸೋಪಿನ ನೀರು ಅಥವಾ ಗ್ಲಿಸರಿನ್ ಹಚ್ಚಿ. ಗ್ರೀಸ್ ಬೇಡ, ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಉಬ್ಬಿಸುತ್ತೆ. ಬಟ್ಟಲನ್ನು ಕೆಳಗೆ ಒತ್ತುತ್ತಾ ಡ್ರೈವ್ ಶಾಫ್ಟನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ, ಎಸಳು ಸರಿಯಾದ ಕಡೆಗೆ ಮಡಚಿಕೊಳ್ಳುತ್ತವೆ. ಹಳೆಯದರ ಎಸಳು ಮುರಿದಿದ್ದರೆ ಚೂರುಗಳನ್ನು ಎಣಿಸಿ ಹೊರಗೆ ತೆಗೆಯಬೇಕು. ಒಂದು ಚೂರು ಮೇಲಿನ ನೀರಿನ ದಾರಿಯಲ್ಲಿ ಉಳಿದರೂ ಸಿಲಿಂಡರ್ ಬಿಸಿಯಾಗುತ್ತೆ. ನೀರಿಲ್ಲದೆ ಇಂಜಿನ್ ಹೊಡೆಯುವುದು ಅರ್ಧ ನಿಮಿಷ ಕೂಡ ಬೇಡ.

ಆಮೇಲೆ ಗೇರ್ ಎಣ್ಣೆ. ಪುಸ್ತಕ ಹೇಳಿದ ಗ್ರೇಡ್ ಹಾಕಿ, ಸಾಮಾನ್ಯವಾಗಿ 90 ಹೈಪಾಯ್ಡ್. ತುಂಬುವುದು ಯಾವಾಗಲೂ ಕೆಳಗಿನ ತೂತಿನಿಂದ. ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದ ಎಣ್ಣೆ ಬಂದಾಗ ಮೊದಲು ಮೇಲಿನ ಸ್ಕ್ರೂ ಬಿಗಿದು, ಆಮೇಲೆ ನಳಿಕೆ ಕಿತ್ತು ಕೆಳಗಿನದು ಬಿಗಿಯಬೇಕು. ಹಾಗೆ ಮಾಡಿದರೆ ಎಣ್ಣೆ ಒಳಗೇ ನಿಲ್ಲುತ್ತೆ. ಸ್ಕ್ರೂ ವಾಷರ್ ಪ್ರತಿ ಸಲ ಹೊಸದು. ಇಳಿಸಿದ ಎಣ್ಣೆ ಚಹಾದ ಹಾಗೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ ಅಂತ.

ಕೃಷ್ಣಾ_ಗಡ್ಡಿ:

ಲೇಥ್ ಅಣ್ಣಾರ ಹೇಳಿದ್ದು ಖರೆ. ಆದ್ರ ನೀರು ಯಾಕ ಹೊಕ್ತದ ಅನ್ನೋದು ಬರೀಬೇಕಿತ್ತು. ನಮ್ಮ ರಾಯಚೂರ ಕಡೆ ನಡುಗಡ್ಡಿಗಳ ಸುತ್ತ ಮೀನಿನ ಬಲಿ ಭಾಳ. ನೈಲಾನ್ ದಾರ ಪ್ರೊಪೆಲ್ಲರ್ ಹಿಂದ ಶಾಫ್ಟಿಗೆ ಸುತ್ಕೊಂತದ, ತಿರುಗಿ ತಿರುಗಿ ಬಿಸಿ ಆಗಿ ಆಯಿಲ್ ಸೀಲ್ ಕೊಯ್ದು ಹಾಕ್ತದ. ಹೊರಗಿಂದ ಏನೂ ಕಾಣಂಗಿಲ್ಲ. ಅದಕ್ಕ ತಿಂಗಳಿಗೊಮ್ಮೆ ಪ್ರೊಪೆಲ್ಲರ್ ಬಿಚ್ಚಿ ನೋಡ್ರಿ, ಬಲಿ ಹಾಕೋ ಜಾಗದಾಗ ಓಡೋ ದೋಣಿ ಇದ್ರ ಹದಿನೈದು ದಿನಕ್ಕೊಮ್ಮೆ. ಇಪ್ಪತ್ತು ನಿಮಿಷದ ಕೆಲಸ. ಬಿಚ್ಚಿದ ಮ್ಯಾಲೆ ಸ್ಪ್ಲೈನಿಗೆ ವಾಟರ್‌ಪ್ರೂಫ್ ಗ್ರೀಸ್ ಹಚ್ಚಿ ಹಾಕ್ರಿ, ಕಾಟರ್ ಪಿನ್ ಹೊಸಾದು ಹಾಕ್ರಿ.

ಇನ್ನೊಂದು. ಇಂಜಿನ್ ಹಿಂದ ನೀರು ಪಿಚಕಾರಿ ಹೊಡೀತದಲ್ಲ, ಅದು ನಿಂತ ಕೂಡ್ಲೆ ಪಂಪ್ ಹೋತು ಅಂತ ಎಲ್ಲಾ ಬಿಚ್ಚಬ್ಯಾಡ್ರಿ. ರಾಡಿ ನೀರಾಗ ಆ ಸಣ್ಣ ತೂತೇ ಮೊದ್ಲು ಕಟ್ಕೊಂತದ. ದಪ್ಪ ನೈಲಾನ್ ದಾರ ಒಳಗ ತೂರಿಸಿ ನೋಡ್ರಿ. ಆಮ್ಯಾಲೂ ಬರ್ಲಿಲ್ಲ ಅಂದ್ರ ಪಂಪು.

ಗಂಗಾವತಿ_ಲೇಥ್:

ದಾರದ ಮಾತು ಸರಿ, ನಾನು ಬಿಟ್ಟಿದ್ದೆ. ಸೀಲ್ ಹೊಸದು ಹಾಕಿದ ಮೇಲೆ ಎಣ್ಣೆ ತುಂಬುವ ಮುಂಚೆ ಗಾಳಿ ಪರೀಕ್ಷೆ ಮಾಡಿ: ಮೇಲಿನ ತೂತಿಗೆ ಗೇಜ್ ಇರುವ ಕೈ ಪಂಪ್ ಜೋಡಿಸಿ 10 ಪಿಎಸ್ಐ ಒತ್ತಡ ಏರಿಸಿ, ಐದು ನಿಮಿಷ ಮುಳ್ಳು ಕದಲಬಾರದು. ಕದಲಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಅಂತ ನೋಡಿ.

ಸೀಲ್ ಬಗ್ಗೆ ಒಂದು ಎಚ್ಚರಿಕೆ. ಗಂಗಾವತಿಯಲ್ಲಿ ರೈಸ್ ಮಿಲ್ಲುಗಳ ದೆಸೆಯಿಂದ ಬೇರಿಂಗು, ಸೀಲು ಯಾವ ಅಳತೆ ಬೇಕಾದರೂ ಸಿಗುತ್ತೆ. ಅಳತೆ ಹೊಂದಿದರೆ ಸಾಕು ಅಂತ ಮಿಲ್ಲಿನ ಸೀಲ್ ಹಾಕುವವರಿದ್ದಾರೆ. ಅದರ ಒಳಗಿನ ಸುರುಳಿ ಸ್ಪ್ರಿಂಗ್ ಸಾದಾ ಕಬ್ಬಿಣದ್ದು. ನೀರಲ್ಲಿ ತುಕ್ಕು ಹಿಡಿದು ತುಂಡಾಗುತ್ತೆ, ತುಟಿ ಸಡಿಲಾಗುತ್ತೆ. ಎರಡು ತುಟಿಯ, ಸ್ಟೇನ್‌ಲೆಸ್ ಸ್ಪ್ರಿಂಗಿನ ಸೀಲೇ ಬೇಕು. ದಡದ ಪೆಟ್ಟಿಗೆಗೆ ಇಂಪೆಲ್ಲರ್ ಕಿಟ್, ಈ ಸೀಲು, ಶಿಯರ್ ಪಿನ್ (ಬಂಡೆಗೆ ತಾಗಿದಾಗ ತಾನು ಮುರಿದು ಗೇರ್ ಉಳಿಸುವ ಪಿನ್) ಅಥವಾ ರಬ್ಬರ್ ಹಬ್ಬಿನ ಪ್ರೊಪೆಲ್ಲರ್ ಒಂದು, ಸ್ಪಾರ್ಕ್ ಪ್ಲಗ್ ಎರಡು ಜೊತೆ, ಪೆಟ್ರೋಲ್ ಪೈಪಿನ ಒತ್ತು ಬಲ್ಬ್ ಒಂದು. ಮಂಗಳೂರು, ಮಲ್ಪೆ ಕಡೆಯಿಂದ ತರಿಸಬೇಕಾದ ಸಾಮಾನು ಇವು. ಕೆಟ್ಟ ಮೇಲೆ ಫೋನ್ ಮಾಡಿದರೆ ದೋಣಿ ದಿನಗಟ್ಟಲೆ ದಡದಲ್ಲೇ.

ರಬ್ಬರ್ ಹಬ್ ಜಾರುತ್ತಿದೆಯೋ ಇಲ್ಲವೋ ತಿಳಿಯಲು ಒಳಗಿನ ಬುಷ್ಷಿನಿಂದ ಹೊರಗಿನ ಹಬ್ಬಿನ ತನಕ ಪೇಂಟಿನಿಂದ ಒಂದು ಗೆರೆ ಎಳೆದಿಡಿ. ಬಂಡೆಗೆ ತಾಗಿದ ಮೇಲೆ ಇಂಜಿನ್ ಕೂಗುತ್ತೆ, ದೋಣಿ ಮುಂದೆ ಹೋಗಲ್ಲ ಅಂದರೆ ಗೆರೆ ನೋಡಿ. ಒಡೆದು ಎರಡಾಗಿದ್ದರೆ ಹಬ್ ಹೋಗಿದೆ, ಗೇರ್‌ಬಾಕ್ಸ್ ಬಿಚ್ಚುವ ಅಗತ್ಯವಿಲ್ಲ.

ಹೊಸಪೇಟೆ_ಸ್ಪೇರ್ಸ್:

ಎಣ್ಣೆ ಬೆರಕೆ ವಿಷಯ ಯಾರೂ ಬರೆದಿಲ್ಲ. ಟೂ ಸ್ಟ್ರೋಕಿಗೆ 50ಕ್ಕೆ 1 ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಹೊಸ ಪಿಸ್ಟನ್ ಹಾಕಿದ ಮೊದಲ ಗಂಟೆಗಳಲ್ಲಿ ಪುಸ್ತಕ ಹೇಳಿದ್ದರೆ ಮಾತ್ರ 25ಕ್ಕೆ 1. ಬೈಕಿನ 2ಟಿ ಎಣ್ಣೆ ಹಾಕಬೇಡಿ. ಅದು ಗಾಳಿಯಿಂದ ತಂಪಾಗುವ ಬಿಸಿ ಇಂಜಿನ್ನಿಗೆ ಮಾಡಿದ್ದು, ಬೂದಿ ಬಿಡುತ್ತದೆ. ನೀರಿನಿಂದ ತಂಪಾಗುವ ಇಂಜಿನ್ನಿಗೆ ಡಬ್ಬಿ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರಲೇಬೇಕು. ಬೆರೆಸುವುದು, ತುಂಬುವುದು ಎರಡೂ ದಡದ ಮೇಲೆ, ಟ್ಯಾಂಕನ್ನು ನೆಲಕ್ಕಿಟ್ಟು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯೊಳಗೆ ತುಂಬಿಸಿದರೆ ತಳದಲ್ಲಿ ಹೋಗಿ ಕೂರುತ್ತದೆ, ಹೊರಗೆ ಹೋಗಲು ಅದಕ್ಕೆ ದಾರಿಯಿಲ್ಲ.

ಆನೆಗೊಂದಿ_ದಂಡಿ:

ತುಂಬಾ ಉಪಕಾರ. ಈಗ ಕಬ್ಬಿಣದ ದೋಣಿ. ಶಾಫ್ಟ್ ಹೊರಗೆ ಹೋಗುವ ಜಾಗದಲ್ಲಿ, ಗ್ಲ್ಯಾಂಡಿನಲ್ಲಿ, ನೀರು ಒಸರುತ್ತಿದೆ. ಅಂಬಿಗರು ನಟ್ಟು ಬಿಗಿದು ಬಿಗಿದು ಈಗ ಬಿಗಿಯಲು ಜಾಗ ಇಲ್ಲ. ಒಂದು ಹನಿಯೂ ಬರದ ಹಾಗೆ ಮಾಡುವುದು ಹೇಗೆ?

ಮುನಿರಾಬಾದ್_ಪಂಪ್:

ಒಂದು ಹನಿಯೂ ಬರದ ಹಾಗೆ ಮಾಡಬಾರದು. ಹತ್ತಿಯ, ಗ್ರ್ಯಾಫೈಟಿನ ಪ್ಯಾಕಿಂಗ್ (ಶಾಫ್ಟಿನ ಸುತ್ತ ತುಂಬುವ ಹೆಣೆದ ಹಗ್ಗ) ಹಾಕಿದ ಗ್ಲ್ಯಾಂಡಿಗೆ ಆ ಹನಿಯೇ ತಂಪು. ಪೂರ್ತಿ ನಿಲ್ಲಿಸಿದರೆ ಪ್ಯಾಕಿಂಗ್ ಒಣಗಿ ಸುಟ್ಟು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಶಾಫ್ಟಿನಲ್ಲಿ ಕೊರಕಲು ಕೊರೆಯುತ್ತದೆ. ಕೊರಕಲು ಬಿದ್ದ ಶಾಫ್ಟಿಗೆ ಯಾವ ಪ್ಯಾಕಿಂಗೂ ನಿಲ್ಲುವುದಿಲ್ಲ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಇರಬೇಕು. ನಿಂತಾಗ ಹೆಚ್ಚು ಕಡಿಮೆ ಏನೂ ಇರಬಾರದು. ಹತ್ತು ನಿಮಿಷ ಓಡಿಸಿ, ಇಂಜಿನ್ ನಿಲ್ಲಿಸಿ, ಗ್ಲ್ಯಾಂಡಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಬಿಗಿ ಜಾಸ್ತಿ.

ಬಿಗಿಯಲು ಜಾಗ ಇಲ್ಲ ಅಂದರೆ ಹಳೆಯ ಉಂಗುರಗಳೆಲ್ಲ ಹೊರಗೆ ಬರಬೇಕು. ಮೇಲೊಂದು ಹೊಸದು ಸೇರಿಸುವ ಅಭ್ಯಾಸ ಕೆಟ್ಟದ್ದು, ತಳದಲ್ಲಿ ಸತ್ತ ಪ್ಯಾಕಿಂಗ್ ಹಾಗೇ ಉಳಿಯುತ್ತದೆ. ಅಳತೆ ಹೀಗೆ: ಗ್ಲ್ಯಾಂಡಿನ ಒಳವ್ಯಾಸದಲ್ಲಿ ಶಾಫ್ಟಿನ ವ್ಯಾಸ ಕಳೆದು ಎರಡರಿಂದ ಭಾಗಿಸಿ. ಒಳವ್ಯಾಸ 56, ಶಾಫ್ಟ್ 40 ಆದರೆ 8 ಮಿ.ಮೀ. ಚೌಕ ಪ್ಯಾಕಿಂಗ್. ಶಾಫ್ಟಿನಷ್ಟೇ ವ್ಯಾಸದ ಪೈಪಿನ ತುಂಡಿನ ಮೇಲೆ ಸುತ್ತಿ, ಹೊಸ ಬ್ಲೇಡಿನಿಂದ ಓರೆಯಾಗಿ 45 ಡಿಗ್ರಿಗೆ ಕತ್ತರಿಸಿ. ಒಂದೊಂದೇ ಉಂಗುರ ಹಾಕಿ, ಒಂದೊಂದನ್ನೂ ತಳ ಮುಟ್ಟಿಸಿ. ಒಂದರ ಸೇರಿಕೆ ಇದ್ದಲ್ಲಿಂದ ಮುಂದಿನದರ ಸೇರಿಕೆ 120 ಡಿಗ್ರಿ ಸರಿದಿರಬೇಕು, ಇಲ್ಲದಿದ್ದರೆ ನೀರಿಗೆ ನೇರ ದಾರಿ ಸಿಗುತ್ತದೆ. ಸುರುಳಿ ಸುತ್ತಿದ ಹಾಗೆ ಒಂದೇ ಉದ್ದದ ಹಗ್ಗ ತುರುಕುವುದು ಬೇಡ.

ನಟ್ಟು ಮೊದಲು ಕೈಯಲ್ಲೇ ಬಿಗಿಯಿರಿ. ದೋಣಿ ನೀರಿಗಿಳಿಸಿ ಓಡಿಸಿ. ಮೊದಲ ಅರ್ಧ ಗಂಟೆ ಧಾರಾಳವಾಗಿ ಹನಿಯಲಿ. ಆಮೇಲೆ ಎರಡೂ ನಟ್ಟನ್ನು ಸಮನಾಗಿ, ಒಂದು ಸಲಕ್ಕೆ ಷಟ್ಕೋನದ ಒಂದು ಮುಖದಷ್ಟು ಮಾತ್ರ. ಪ್ರತಿ ಸಲ ಹತ್ತು ನಿಮಿಷ ಕಾಯಿರಿ. ಅವಸರ ಮಾಡಿದವರ ಗ್ಲ್ಯಾಂಡೇ ತಿಂಗಳಲ್ಲಿ ಮತ್ತೆ ಸೋರುವುದು.

ಕೃಷ್ಣಾ_ಗಡ್ಡಿ:

ಪಂಪ್ ಸರ್, ಹೊಸ ಪ್ಯಾಕಿಂಗ್ ಹಾಕಿದ್ರೂ ವಾರದಾಗ ಸೋರ್ತದ ಅಂದ್ರ?

ಮುನಿರಾಬಾದ್_ಪಂಪ್:

ಆಗ ತಪ್ಪು ಪ್ಯಾಕಿಂಗಿನದಲ್ಲ. ಶಾಫ್ಟ್ ಕುಣಿಯುತ್ತಿದೆ. ಕಾರಣ ಮೂರರಲ್ಲಿ ಒಂದು. ಹೊರಗಿನ ರಬ್ಬರ್ ಬೇರಿಂಗ್, ಅಂದರೆ ಕಟ್‌ಲೆಸ್ ಬೇರಿಂಗ್, ಸವೆದಿರಬಹುದು. ಪ್ರೊಪೆಲ್ಲರ್ ಎಸಳು ಬಂಡೆಗೆ ತಾಗಿ ಬಾಗಿರಬಹುದು. ಇಂಜಿನ್ ಮತ್ತು ಶಾಫ್ಟಿನ ಕಪ್ಲಿಂಗ್ ನೇರ ಇಲ್ಲದಿರಬಹುದು.

ಬೇರಿಂಗಿಗೆ: ದೋಣಿ ದಡದಲ್ಲಿದ್ದಾಗ ಪ್ರೊಪೆಲ್ಲರ್ ಹಿಡಿದು ಶಾಫ್ಟನ್ನು ಮೇಲಕ್ಕೆತ್ತಿ, ಬೇರಿಂಗಿಗೂ ಶಾಫ್ಟಿಗೂ ನಡುವೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ. 40 ಮಿ.ಮೀ. ಶಾಫ್ಟಿಗೆ ಒಂದೂವರೆ ಮಿ.ಮೀ. ಮೀರಿದರೆ ಬೇರಿಂಗ್ ಬದಲಿಸಿ. ಉಸುಕು ಇಲ್ಲಿಯೂ ಶತ್ರು. ದಡದಲ್ಲಿ ಆಳವಿಲ್ಲದ ಜಾಗದಲ್ಲಿ ರಿವರ್ಸ್ ಹೊಡೆದರೆ ಪ್ರೊಪೆಲ್ಲರ್ ಎಬ್ಬಿಸಿದ ಉಸುಕೆಲ್ಲ ಈ ಬೇರಿಂಗಿನ ಒಳಗಿನ ತೋಡುಗಳಿಗೆ ನುಗ್ಗುತ್ತದೆ. ಕೊನೆಯ ಹತ್ತು ಮೀಟರು ಬಿದಿರ ಗಳದಲ್ಲಿ ನೂಕಿಕೊಂಡು ಬರುವುದು ಬೇರಿಂಗಿನ ಆಯುಷ್ಯಕ್ಕೆ ಬಹಳ ಒಳ್ಳೆಯದು, ಅಂಬಿಗರಿಗೆ ಕಾರಣ ತಿಳಿಸಿ ಹೇಳಿದರೆ ಮಾಡುತ್ತಾರೆ.

ಕಪ್ಲಿಂಗ್ ನೇರ ಮಾಡುವುದು ನೀರಿನ ಮೇಲೆ ಮಾತ್ರ. ದಡದ ಮೇಲೆ, ದಿಮ್ಮಿಗಳ ಮೇಲೆ ಕೂತ ದೋಣಿಯ ಆಕಾರ ಬೇರೆ, ತೇಲುವಾಗಿನ ಆಕಾರ ಬೇರೆ. ನೀರಿಗಿಳಿಸಿ ಒಂದು ದಿನ ಬಿಡಿ, ಡೀಸೆಲ್ ಟ್ಯಾಂಕ್ ಅರ್ಧ ಇರಲಿ. ಕಪ್ಲಿಂಗ್ ಬೋಲ್ಟ್ ಬಿಚ್ಚಿ, ಎರಡೂ ಮುಖ ಹತ್ತಿರ ತಂದು, ಮೇಲೆ ಕೆಳಗೆ ಎಡ ಬಲ ನಾಲ್ಕೂ ಕಡೆ ಫೀಲರ್ ಹಾಕಿ. 125 ಮಿ.ಮೀ. ಫ್ಲ್ಯಾಂಜಿಗೆ ನಾಲ್ಕರ ನಡುವಿನ ವ್ಯತ್ಯಾಸ 0.1 ಮಿ.ಮೀ. ದಾಟಬಾರದು. ಇಂಜಿನ್ ಕಾಲಿನ ಕೆಳಗೆ ತಗಡಿನ ಶಿಮ್ ಹಾಕಿ ಸರಿಪಡಿಸಿ. ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಸಂದಿ ಶಾಫ್ಟಿನ ಜೊತೆ ತಿರುಗಿದರೆ ಶಾಫ್ಟೋ ಫ್ಲ್ಯಾಂಜೋ ಬಾಗಿದೆ, ಶಿಮ್ಮಿನಿಂದ ಅದು ಸರಿಯಾಗಲ್ಲ, ಲೇಥಿಗೆ ಹೋಗಬೇಕು.

ಗಂಗಾವತಿ_ಲೇಥ್:

ಪ್ರೊಪೆಲ್ಲರ್ ಬಿಚ್ಚುವಾಗ ಸುತ್ತಿಗೆಯಿಂದ ಬಡಿಯದೆ ಪುಲ್ಲರ್ ಹಾಕಿ. ವಾಪಸು ಕೂರಿಸುವಾಗ ಶಾಫ್ಟಿನ ಟೇಪರಿಗೆ (ಸಣ್ಣಗಾಗುವ ತುದಿಗೆ) ಗುರುತಿನ ನೀಲಿ ಬಣ್ಣ ಹಚ್ಚಿ ಒತ್ತಿ ತೆಗೆದು ನೋಡಿ, ಮುಕ್ಕಾಲು ಭಾಗವಾದರೂ ನೀಲಿ ತಾಗಿರಬೇಕು. ಎರಡು ನಟ್ಟು ಇದ್ದರೆ ತೆಳ್ಳಗಿನದು ಮೊದಲು, ದಪ್ಪದ್ದು ಅದರ ಮೇಲೆ. ಬಹಳ ಜನ ಉಲ್ಟಾ ಹಾಕ್ತಾರೆ. ಎರಡನೆಯದನ್ನು ಬಿಗಿದಾಗ ಭಾರವೆಲ್ಲ ಹೊರಗಿನ ನಟ್ಟಿನ ಮೇಲೆ ಬರುತ್ತೆ, ಅದಕ್ಕೇ ದಪ್ಪದ್ದು ಹೊರಗಿರಬೇಕು.

ಸಿಂಧನೂರು_ಡೀಸೆಲ್:

ಡೀಸೆಲ್ ಇಂಜಿನ್ ಬಗ್ಗೆ. ಬೇಸಿಗೆ ಬಂತಂದ್ರ ಥರ್ಮೋಸ್ಟಾಟ್ (ಕಾವು ನೋಡಿ ನೀರಿನ ದಾರಿ ತೆರೆಯೋ ಕವಾಟ) ಕಿತ್ತು ಬಿಡೋದು ನಮ್ಮ ಕಡೆ ರೂಢಿ. ಅದು ಇಲ್ಲ ಅಂದ್ರ ಇಂಜಿನ್ ತಂಪಿರ್ತದ. ದೋಣಿಗೂ ಅದನ್ನೇ ಮಾಡಬಹುದು.

ಮುನಿರಾಬಾದ್_ಪಂಪ್:

ದಯವಿಟ್ಟು ಮಾಡಬೇಡಿ. ಹೊಳೆ ನೀರು ನೇರ ಒಳಗೆ ಬರುವ ಇಂಜಿನ್ ಥರ್ಮೋಸ್ಟಾಟ್ ಇಲ್ಲದೆ ಓಡಿದರೆ ಕಾವೇ ಏರುವುದಿಲ್ಲ. ಸಣ್ಣ ಸಣ್ಣ ದಾಟುಗಳಲ್ಲಿ ಡೀಸೆಲ್ ಪೂರ್ತಿ ಉರಿಯದೆ ಎಣ್ಣೆಗೆ ಸೇರುತ್ತದೆ, ಒಳಗೆ ಕೆಸರು ಕಟ್ಟುತ್ತದೆ. ಇನ್ನು ಬೈಪಾಸ್ ದಾರಿ ಇರುವ ಇಂಜಿನ್ನಾದರೆ ಫಲ ಉಲ್ಟಾ: ಥರ್ಮೋಸ್ಟಾಟ್ ಇಲ್ಲದಾಗ ಬೈಪಾಸ್ ಮುಚ್ಚುವುದೇ ಇಲ್ಲ, ಬಿಸಿ ನೀರೇ ಒಳಗೊಳಗೆ ಸುತ್ತಿ ಇಂಜಿನ್ ಇನ್ನೂ ಬಿಸಿಯಾಗುತ್ತದೆ. ಅನುಮಾನ ಇದ್ದರೆ ಥರ್ಮೋಸ್ಟಾಟನ್ನು ತಪ್ಪಲೆ ನೀರಿನಲ್ಲಿ ಕಾಯಿಸಿ, ಥರ್ಮಾಮೀಟರ್ ಇಟ್ಟು, ಅದರ ಮೇಲೆ ಕೊರೆದಿರುವ ಡಿಗ್ರಿಯ ಹತ್ತಿರ ಬಾಯಿ ತೆರೆಯುತ್ತದಾ ನೋಡಿ. ತೆರೆಯದಿದ್ದರೆ ಹೊಸದು.

ಬಿಸಿಗೆ ನಿಜವಾದ ಕಾರಣ ಬಹುಪಾಲು ಸ್ಟ್ರೇನರ್, ಅಂದರೆ ಹೊಳೆ ನೀರು ಸೋಸುವ ಜಾಲರಿ, ಕಟ್ಟಿರುವುದು. ಕೆಂಪು ನೀರಿನ ದಿನಗಳಲ್ಲಿ ಅದನ್ನು ಬೆಳಿಗ್ಗೆ, ಮಧ್ಯಾಹ್ನ ಎರಡು ಹೊತ್ತು ತೆಗೆದು ತೊಳೆಯಬೇಕು. ಅಂತರಗಂಗೆ ತೇಲಿ ಬರುವ ಕಾಲದಲ್ಲಿ ಬೇರಿನ ಕೂದಲು ನೀರು ಎಳೆಯುವ ಬಾಯಿಯ ಹೊರಗಡೆಯೇ ಸುತ್ತಿಕೊಳ್ಳುತ್ತದೆ. ದುಡ್ಡು ಇದ್ದರೆ ಕೀಲ್ ಕೂಲಿಂಗಿಗೆ ಬದಲಾಗಿ: ದೋಣಿಯ ತಳದ ಹೊರಗೆ ಪೈಪ್ ಕಟ್ಟಿ ಅದರಲ್ಲಿ ಶುದ್ಧ ನೀರು, ಕೂಲೆಂಟ್ ಸುತ್ತಿಸುವುದು. ಹೊಳೆ ನೀರು ಇಂಜಿನ್ ಒಳಗೆ ಕಾಲೇ ಇಡುವುದಿಲ್ಲ. ಇಷ್ಟು ಹೂಳಿನ ಹೊಳೆಗೆ ನನ್ನ ಮಟ್ಟಿಗೆ ಅದೇ ಸರಿಯಾದ ವ್ಯವಸ್ಥೆ. ಪೈಪುಗಳಿಗೆ ಬಂಡೆ ತಾಗದ ಹಾಗೆ ಎರಡೂ ಪಕ್ಕ ಕಬ್ಬಿಣದ ಪಟ್ಟಿ ಬೆಸೆಯಿರಿ.

ಸಂಡೂರು_ಫಿಟ್ಟರ್:

ಗಾಳಿ ಫಿಲ್ಟರ್ ಮರೆಯಬೇಡಿ. ಅದಿರಿನ ಲಾರಿ ಓಡುವ ರಸ್ತೆ ಹತ್ತಿರ ಇರುವ ದಡಗಳಲ್ಲಿ ಕೆಂಪು ಧೂಳು ನೀರಿನ ಮೇಲೂ ಬರುತ್ತೆ. ಎಣ್ಣೆ ಬಟ್ಟಲಿನ ಫಿಲ್ಟರ್ ಆದರೆ ವಾರಕ್ಕೊಮ್ಮೆ ಬಟ್ಟಲು ಬಿಚ್ಚಿ, ತಳದಲ್ಲಿ ಕೆಸರು ಕೂತಿದ್ದರೆ ಚೆಲ್ಲಿ ಹೊಸ ಎಣ್ಣೆ ಗೆರೆಯವರೆಗೆ ಹಾಕಿ. ಗೆರೆ ದಾಟಿದರೆ ಇಂಜಿನ್ ಆ ಎಣ್ಣೆಯನ್ನೇ ಎಳೆದು ಉರಿಸುತ್ತೆ, ನಿಲ್ಲಿಸಿದರೂ ನಿಲ್ಲದೆ ಓಡಬಹುದು.

ಹೊಗೆ ನೋಡಿ ಗೊತ್ತು ಮಾಡೋದು: ಕಪ್ಪು ಅಂದರೆ ಗಾಳಿ ಸಾಲದು ಅಥವಾ ಭಾರ ಜಾಸ್ತಿ, ಪ್ರೊಪೆಲ್ಲರಿಗೆ ಬಲೆ ಸುತ್ತಿದಾಗಲೂ ಕಪ್ಪೇ. ನೀಲಿ ಅಂದರೆ ಇಂಜಿನ್ ಎಣ್ಣೆ ಉರೀತಿದೆ. ಕಾವೇರಿದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್ ಅಥವಾ ಒಳಗೆ ನೀರು. ಇನ್ನು ಡೀಸೆಲಿನಲ್ಲಿ ನೀರು: ರಾತ್ರಿ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದಲ್ಲೇ ಬೆವರು ಕಟ್ಟುವುದು. ಬೆಳಿಗ್ಗೆ ಅಲುಗಿಸುವ ಮುಂಚೆ ಫಿಲ್ಟರ್ ತಳದ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ನೋಡಿ.

ಆನೆಗೊಂದಿ_ದಂಡಿ:

ಫೈಬರ್ ದೋಣಿಯ ಮುಂಭಾಗದಲ್ಲಿ ಬಂಡೆ ತಾಗಿ ಒಂದು ಕೈಯಗಲ ಬಿರುಕು ಇದೆ. ಮೇ ತಿಂಗಳ ಬಿಸಿಲಲ್ಲಿ ಮಾಡಬಹುದಾ? ಹಾಗೇ ಸತುವಿನ ಗಟ್ಟಿ ತುಕ್ಕಿಗೆ ಅಂತ ಕರಾವಳಿಯಿಂದ ತರಿಸಿದ್ದೀವಿ, ಇಷ್ಟು ದಿನ ಆದರೂ ಅದು ಕರಗಿಲ್ಲ. ಒಳ್ಳೆಯದೇ ಅಲ್ಲವಾ?

ರಾಯಚೂರು_ಫೈಬರ್:

ಮೊದಲು ಸತು. ಕರಗಿಲ್ಲ ಅಂದರೆ ಕೆಲಸ ಮಾಡಿಲ್ಲ ಅಂತ. ಆನೋಡ್, ಅಂದರೆ ಈ ಗಟ್ಟಿ, ತಾನು ಕರಗಿ ಶಾಫ್ಟನ್ನೂ ಪ್ಲೇಟನ್ನೂ ಉಳಿಸಬೇಕು. ಸಿಹಿ ನೀರಿನಲ್ಲಿ ವಿದ್ಯುತ್ ಹರಿಯುವುದು ಕಡಿಮೆ, ಸತುವಿನ ಮೇಲೆ ಬಿಳಿ ಪದರ ಕಟ್ಟಿ ಅದು ಸುಮ್ಮನಾಗುತ್ತದೆ. ನಮ್ಮ ಹೊಳೆಗಳಿಗೆ ಮೆಗ್ನೀಷಿಯಂ ಆನೋಡ್ ಬೇಕು. ಅರ್ಧ ಕರಗಿದಾಗ ಬದಲಿಸಿ. ಅದರ ಮೇಲೆ ಪೇಂಟ್ ಬಳಿಯಬೇಡಿ, ಕೂರುವ ಜಾಗದ ಪೇಂಟ್ ಮಾತ್ರ ಕೆರೆದು ಲೋಹಕ್ಕೆ ಲೋಹ ತಾಗಿಸಿ. ಹಾಗೆಯೇ ಕರಾವಳಿಯವರು ಹಚ್ಚುವ ದುಬಾರಿ ತಾಮ್ರದ ಪೇಂಟ್ ನಿಮಗೆ ಬೇಕಿಲ್ಲ. ಸಮುದ್ರದ ಚಿಪ್ಪಿನ ಹುಳ ಸಿಹಿ ನೀರಲ್ಲಿ ಬೆಳೆಯುವುದಿಲ್ಲ. ಕಬ್ಬಿಣಕ್ಕೆ ಚೆನ್ನಾಗಿ ಕೆರೆದ ಮೇಲೆ ಎಪಾಕ್ಸಿ ಎರಡು ಕೋಟ್ ಸಾಕು.

ಈಗ ಬಿರುಕು. ಮಾಡಬಹುದು, ಆದರೆ ಬೆಳಿಗ್ಗೆ ಒಂಬತ್ತರ ಒಳಗೆ, ನೆರಳಿನಲ್ಲಿ. ಮಧ್ಯಾಹ್ನ 40 ಡಿಗ್ರಿ ದಾಟಿದಾಗ ರೆಸಿನ್ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಬಿರುಕಿನ ಎರಡೂ ಪಕ್ಕ ಗ್ರೈಂಡರಿನಿಂದ ಇಳಿಜಾರು ಮಾಡಿ: ದಪ್ಪದ ಹನ್ನೆರಡು ಪಟ್ಟು ಅಗಲ. 6 ಮಿ.ಮೀ. ದಪ್ಪದ ದೋಣಿಗೆ ಒಂದೊಂದು ಪಕ್ಕ 72 ಮಿ.ಮೀ. ಮೇಲೊಂದು ತೇಪೆ ಅಂಟಿಸಿದರೆ ಮುಂದಿನ ಬಂಡೆಗೆ ಅದು ಸಿಪ್ಪೆಯ ಹಾಗೆ ಏಳುತ್ತದೆ. ಗ್ರೈಂಡ್ ಮಾಡಿದ ಮೇಲೆ ಎರಡು ದಿನ ಒಣಗಲಿ, ಅಸಿಟೋನಿನಲ್ಲಿ ಒರೆಸಿ, ಆಮೇಲೆ ಕೈಯಿಂದ ಮುಟ್ಟಬೇಡಿ.

ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪ್ಡ್ ಮ್ಯಾಟ್ (ಗಾಜಿನ ನಾರಿನ ಹಾಸು), ಅದರ ತೂಕದ ಎರಡೂವರೆ ಪಟ್ಟು ಐಸೋ ರೆಸಿನ್. ಒಂದು ಚದರ ಮೀಟರಿಗೆ ಒಂದು ಪದರಕ್ಕೆ ಸುಮಾರು 1.1 ಕೆ.ಜಿ. ರೆಸಿನ್. ಒಂದು ಪದರ ಸುಮಾರು 1 ಮಿ.ಮೀ. ಆಗುತ್ತದೆ, ಅಂದರೆ ನಿಮಗೆ ಆರು ಪದರ. ಒಂದೇ ಸಲ ಆರೂ ಹಾಕಿದರೆ ಕಾವೇರಿ ಬಿರಿಯುತ್ತದೆ. ಮೂರು ಹಾಕಿ, ಬಿಸಿ ಇಳಿದ ಮೇಲೆ ಇನ್ನು ಮೂರು. ಬೇಸಿಗೆಗೆ ಹಾರ್ಡ್‌ನರ್ ಕೆ.ಜಿ.ಗೆ 10 ಮಿ.ಲೀ. ಸಾಕು. ಒಮ್ಮೆಗೆ ಅರ್ಧ ಕೆ.ಜಿ.ಗಿಂತ ಜಾಸ್ತಿ ಕಲಸಬೇಡಿ.

ಒಂದು ಮಾತು ಬಹಳ ಮುಖ್ಯ. ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ಹಾರ್ಡ್‌ನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಎರಡಕ್ಕೂ ಬೇರೆ ಬೇರೆ ಅಳತೆ ಲೋಟ. ಕಣ್ಣಿಗೆ ಕನ್ನಡಕ ಕಡ್ಡಾಯ. ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹಾಕುತ್ತಲೇ ಇರಬೇಕು, ಆಮೇಲೆ ನೇರ ಆಸ್ಪತ್ರೆ.

ಸಂಡೂರು_ಫಿಟ್ಟರ್:

ಕಬ್ಬಿಣದ ದೋಣಿಯಲ್ಲಿ ಪ್ಲೇಟ್ ಬದಲಿಸುವುದಿದ್ದರೆ ಎರಡು ಮಾತು. 5 ಮಿ.ಮೀ. ಪ್ಲೇಟ್ 4ಕ್ಕೆ ಇಳಿದಿದ್ದರೆ ಕತ್ತರಿಸಿ ಹೊಸದು ಕೂರಿಸಿ. ಅಳೆಯಲು ಅಲ್ಟ್ರಾಸಾನಿಕ್ ಗೇಜ್ ಬೇಕು, ಸುತ್ತಿಗೆ ಸದ್ದು ಸಾಲದು. ಮೂಲೆ ಚೌಕ ಬೇಡ, ಕನಿಷ್ಠ 75 ಮಿ.ಮೀ. ತ್ರಿಜ್ಯಕ್ಕೆ ಗುಂಡಗೆ ಕತ್ತರಿಸಿ, ಚೌಕ ಮೂಲೆಯಿಂದಲೇ ಬಿರುಕು ಹೊರಡೋದು. ವೆಲ್ಡಿಂಗಿನ ಅರ್ತ್ ಕ್ಲ್ಯಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿ. ಇಂಜಿನ್ನಿಗೋ ಶಾಫ್ಟಿಗೋ ಹಾಕಿದರೆ ಕರೆಂಟ್ ಬೇರಿಂಗಿನ ಮೂಲಕ ಹರಿದು ಬೇರಿಂಗ್ ಸುಡುತ್ತೆ. ಬ್ಯಾಟರಿ, ಆಲ್ಟರ್ನೇಟರ್ ತಂತಿ ಮೊದಲು ಕಳಚಿ.

ಕೊಪ್ಪಳ_ಪಾಲಿಟೆಕ್ನಿಕ್:

ಭಾರದ ಲೆಕ್ಕ ಯಾರೂ ಮುಟ್ಟಿಲ್ಲ. ನಿಮ್ಮ 8 ಮೀಟರ್ ದೋಣಿ ನೀರಿನ ಮಟ್ಟದಲ್ಲಿ 2 ಮೀಟರ್ ಅಗಲ ಇದೆ ಅಂದುಕೊಳ್ಳೋಣ. ಮೂತಿ ಚೂಪಾಗುವುದರಿಂದ ಪೂರಾ 16 ಚದರ ಮೀಟರ್ ಸಿಗಲ್ಲ, ಮುಕ್ಕಾಲು, ಅಂದರೆ 12 ಹಿಡಿಯಿರಿ. ಒಂದು ಸೆಂಟಿಮೀಟರ್ ಮುಳುಗಲು 120 ಕೆ.ಜಿ. ಬೇಕು. ಒಂದು ಬೈಕ್ ಹತ್ತಿದರೆ ಒಂದು ಸೆಂ.ಮೀ.; 75 ಕೆ.ಜಿ.ಯ 20 ಜನ ಹತ್ತಿದರೆ ಹನ್ನೆರಡೂವರೆ ಸೆಂ.ಮೀ. ದೋಣಿಯ ಹೊರಗೆ ಎರಡೂ ಪಕ್ಕ ಖಾಲಿ ಗೆರೆ, ತುಂಬಿದ ಗೆರೆ ಬಳಿಯಿರಿ. ತುಂಬಿದ ಗೆರೆ ಎಲ್ಲಿ ಅನ್ನುವುದನ್ನು ಸರ್ವೇಯರ್ ಕೊಟ್ಟ ಜನಸಂಖ್ಯೆಯಿಂದ ತೆಗೆಯಿರಿ, ನಮ್ಮ ಅಂದಾಜಿನಿಂದ ಬೇಡ. ಗೆರೆ ಇದ್ದರೆ ದಡದಲ್ಲಿ ನಿಂತವರಿಗೂ ಜಾಸ್ತಿಯಾದದ್ದು ಕಾಣುತ್ತೆ.

ತಳದಲ್ಲಿ ನಿಂತ ನೀರನ್ನೂ ಭಾರಕ್ಕೆ ಸೇರಿಸಿ. 8 ಚದರ ಮೀಟರ್ ತಳದಲ್ಲಿ 5 ಸೆಂ.ಮೀ. ನೀರು ಅಂದರೆ 400 ಕೆ.ಜಿ. ಜನರಿಗಿಂತ ಅದು ಅಪಾಯ, ಯಾಕಂದರೆ ದೋಣಿ ಎಡಕ್ಕೆ ವಾಲಿದರೆ ನೀರೂ ಎಡಕ್ಕೇ ಓಡಿ ಇನ್ನೂ ವಾಲಿಸುತ್ತೆ. ತಳದ ನೀರು ಹೊರಹಾಕುವ ಬಿಲ್ಜ್ ಪಂಪನ್ನು ಡಬ್ಬಿ ಮೇಲಿನ ಅಂಕಿ ನಂಬದೆ ಪರೀಕ್ಷಿಸಿ. 20 ಲೀಟರ್ ತಳಕ್ಕೆ ಸುರಿದು ಫ್ಲೋಟ್ ಸ್ವಿಚ್ ತಾನಾಗಿ ಹತ್ತುತ್ತದಾ, ಎಷ್ಟು ಸೆಕೆಂಡಲ್ಲಿ ಹೊರಗೆ ಹಾಕುತ್ತೆ ಅಂತ ಗಡಿಯಾರ ಹಿಡಿದು ಬರೆದಿಡಿ. ಹೋಲಿಕೆಗೆ: ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ 25 ಮಿ.ಮೀ. ತೂತು ಆದರೆ ನಿಮಿಷಕ್ಕೆ ಸುಮಾರು 55 ಲೀಟರ್ ಒಳಗೆ ಬರುತ್ತೆ.

ಕೃಷ್ಣಾ_ಗಡ್ಡಿ:

ಹಗ್ಗದ ಮಾತು ಬರ್ಲಿ. ನಾರಾಯಣಪುರದಿಂದ ನೀರು ಬಿಟ್ರ ನಮ್ಮ ಕಡೆ, ತುಂಗಭದ್ರಾ ಡ್ಯಾಮಿಂದ ಬಿಟ್ರ ನಿಮ್ಮ ಕಡೆ, ರಾತ್ರಿ ಕಟ್ಟಿದ ದೋಣಿ ಬೆಳಿಗ್ಗಿ ಅಲ್ಲೇ ಇರ್ಬೇಕು. ಹೊಳಿ ವೇಗ ಎರಡು ಪಟ್ಟಾದ್ರ ಹಗ್ಗದ ಮ್ಯಾಲಿನ ಜಗ್ಗು ನಾಕು ಪಟ್ಟು ಆಗ್ತದ. ಬಿಸಿಲಿಗೆ ಸುಲಭಕ್ಕ ಸಾಯೋ ಪ್ಲಾಸ್ಟಿಕ್ ಹಗ್ಗ ಬ್ಯಾಡ್ರಿ, ನೈಲಾನ್ ತಗೋರಿ. ಬಂಡಿಗಿ ಉಜ್ಜೋ ಕಡೆ ಹಳೇ ಫೈರ್ ಹೋಸ್ ತುಂಡು ಏರಿಸ್ರಿ. ನೀರು ಏರಿದ್ರ ಮುಳುಗೋ ಗೂಟಕ್ಕ ಕಟ್ಟಬ್ಯಾಡ್ರಿ, ದೋಣಿ ಮೂತಿ ಕೆಳಗ ಜಗ್ಗಿ ಮುಳುಗಿಸ್ತದ. ನೀರು ಬಿಡೋ ಎಚ್ಚರಿಕಿ ಬಂದ್ರ ರಾತ್ರಿಗೇ ದೋಣಿ ಮ್ಯಾಲೆ ಎಳದು ಬಿಡ್ರಿ.

ಕೊಪ್ಪಳ_ಪಾಲಿಟೆಕ್ನಿಕ್:

ಖರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿದಾಗ ಮುನ್ಸೂಚನೆಗೆ ಸಮಯವೇ ಇರಲಿಲ್ಲ. ವೇಳಾಪಟ್ಟಿ ಪ್ರಕಾರ ಬರುವ ನೀರಿಗೆ ಮಾತ್ರ ತಯಾರಾದರೆ ಸಾಲದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ರಾತ್ರಿಯೂ ನೀರು ಏರಬಹುದು ಅಂತಲೇ ಕಟ್ಟಿ. ನವಬೃಂದಾವನಕ್ಕೆ ಹೋಗುವ ಯಾತ್ರಿಕರು ಎಷ್ಟೇ ಕೇಳಿಕೊಂಡರೂ ಹೊಳೆ ತುಂಬಿದ ದಿನ ದೋಣಿ ಬಿಡಬಾರದು. ಇಂಜಿನ್ ಚೆನ್ನಾಗಿದೆ ಅನ್ನುವುದು ಅದಕ್ಕೆ ಉತ್ತರವಲ್ಲ.

ಹೊಸಪೇಟೆ_ಸ್ಪೇರ್ಸ್:

ಲೈಫ್ ಜಾಕೆಟ್, ಲೈಫ್ ಬಾಯ್ (ನೀರಿಗೆ ಎಸೆಯುವ ತೇಲುವ ಬಳೆ) ಬಗ್ಗೆ: ನಮ್ಮ ಬಿಸಿಲು ಅವನ್ನು ಎರಡು ಮೂರು ವರ್ಷಕ್ಕೆ ತಿನ್ನುತ್ತದೆ. ಹೊಲಿಗೆಯನ್ನು ಬೆರಳಲ್ಲಿ ಎಳೆದು ನೋಡಿ, ದಾರ ಪುಡಿಯಾದರೆ ಎಸೆಯಿರಿ. ಲೈಫ್ ಬಾಯ್ ಸಿಹಿ ನೀರಿನಲ್ಲಿ 14.5 ಕೆ.ಜಿ. ಕಬ್ಬಿಣವನ್ನು 24 ಗಂಟೆ ತೇಲಿಸಬೇಕು, ಅಂತರರಾಷ್ಟ್ರೀಯ ನಿಯಮದ ಅಳತೆ ಅದು. ಹೊಳೆ ದಡದಲ್ಲೇ ತೂಕ ಕಟ್ಟಿ ಪರೀಕ್ಷಿಸಬಹುದು. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಬೇಡಿ, ನೀರಿಗೆ ಬಿದ್ದರೆ ಮಗು ಕೆಳಗೆ ಜಾರುತ್ತದೆ, ಜಾಕೆಟ್ ಮೇಲೆ ಉಳಿಯುತ್ತದೆ. ಮಕ್ಕಳ ಅಳತೆಯವು ಬೇರೆ ತರಿಸಿ.

ಮುನಿರಾಬಾದ್_ಪಂಪ್:

ಕಾಗದಪತ್ರ ಒಂದು ಸಾಲಿನಲ್ಲಿ: 2021ರ ಒಳನಾಡು ನೌಕೆಗಳ ಕಾಯ್ದೆ 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಇಂಜಿನ್ ಇರುವ ದೋಣಿಗೆ ಸರ್ವೆ, ನೋಂದಣಿ, ವಿಮೆ ಮೂರೂ ಬೇಕು.

ಅದಕ್ಕಿಂತ ಹೆಚ್ಚು ಹೇಳಬೇಕಾದದ್ದು ಕೀಲಿಯ ವಿಷಯ. ದೋಣಿ ಇವತ್ತು ಹೊರಡಬೇಕೋ ಬೇಡವೋ ಅನ್ನುವುದು ದಡದ ಇಂಜಿನಿಯರ್ ಹೇಳುವ ಮಾತು, ಟಿಕೆಟ್ ಹರಿಯುವವರದ್ದಲ್ಲ. ಇದನ್ನು ಬರಹದಲ್ಲಿ ಇಟ್ಟುಕೊಳ್ಳಿ. ದುರಸ್ತಿಯಲ್ಲಿರುವ ದೋಣಿಯ ಕೀಲಿ ದಡದ ಪೆಟ್ಟಿಗೆಯಲ್ಲಿ, ಕೆಂಪು ಚೀಟಿ ಕಟ್ಟಿ, ಯಾಕೆ ನಿಲ್ಲಿಸಿದೆ ಅಂತ ಬರೆದು ಇರಬೇಕು. ಪ್ರತಿ ದೋಣಿಗೂ ಒಂದು ರಿಜಿಸ್ಟರ್: ಓಡಿದ ಗಂಟೆ, ಹಾಕಿದ ಇಂಧನ, ನೀರಿನ ಕಾವು, ಬೆಳಿಗ್ಗೆ ತಳದಿಂದ ಎತ್ತಿದ ಬಕೆಟ್ ಎಷ್ಟು. ಅಂಬಿಗರು ಓದು ಬರಹ ಬಾರದವರಾದರೆ ನೀವೇ ಕೇಳಿ ಬರೆಯಿರಿ. ಅವರ ಕಿವಿ, ಅವರ ಅಂಗಾಲು ಗೇಜಿಗಿಂತ ಮೊದಲೇ ಹೇಳುತ್ತವೆ. ಸದ್ದು ಬದಲಾಗಿದೆ ಅಂದರೆ ಬದಲಾಗಿದೆ, ವಾದ ಮಾಡಬೇಡಿ.

ಆನೆಗೊಂದಿ_ದಂಡಿ:

ಬಕೆಟ್ ಲೆಕ್ಕ ಇವತ್ತೇ ಶುರು ಮಾಡ್ತೀವಿ. ಕಬ್ಬಿಣದ ದೋಣಿಯಲ್ಲಿ ದಿನಾ ಬೆಳಿಗ್ಗೆ 10 ಲೀಟರಿನ ಒಂದು ಬಕೆಟ್ ಬರುತ್ತಂತೆ. ಗ್ಲ್ಯಾಂಡಿನ ಹನಿ ಅಂತ ಬಿಟ್ಟಿದ್ದೀವಿ.

ಮುನಿರಾಬಾದ್_ಪಂಪ್:

ಲೆಕ್ಕ ಹಾಕಿ ನೋಡೋಣ. ಸುಮಾರು 20 ಹನಿಗೆ ಒಂದು ಮಿ.ಲೀ. ನಿಮಿಷಕ್ಕೆ ಮೂರು ಹನಿಯಂತೆ ಹನ್ನೆರಡು ಗಂಟೆ ಪೂರಾ ಹನಿದರೂ 110 ಮಿ.ಲೀ. ದಾಟಲ್ಲ, ಒಂದು ಚಹಾ ಲೋಟ. ಒಂದು ಬಕೆಟ್ ಬರಬೇಕಾದರೆ ನಿಮಿಷಕ್ಕೆ ಸುಮಾರು 280 ಹನಿ, ಅಂದರೆ ಸಣ್ಣ ಧಾರೆ. ಗ್ಲ್ಯಾಂಡ್ ಹಾಗೆ ಸುರಿಯುತ್ತಿದ್ದರೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಿಮ್ಮದು ಬರೀ ಒಸರುತ್ತಿದೆ ಅಂದಿರಿ. ಹಾಗಾದರೆ ನೀರು ಬೇರೆ ಕಡೆಯಿಂದ ಬರುತ್ತಿದೆ.

ಸಂಜೆ ತಳವನ್ನು ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿ. ಪಕ್ಕೆಲುಬುಗಳ ನಡುವೆ, ಬೆಸುಗೆ ಸಾಲಿನ ಉದ್ದಕ್ಕೂ ರಂಗೋಲಿ ಪುಡಿ ತೆಳ್ಳಗೆ ಉದುರಿಸಿ. ಒಂದು ಗಂಟೆಗೊಮ್ಮೆ ಟಾರ್ಚ್ ಹಿಡಿದು ನೋಡಿ. ಪುಡಿ ಮೊದಲು ಎಲ್ಲಿ ಒದ್ದೆಯಾಯಿತೋ ಅಲ್ಲಿ ಸುಣ್ಣದ ಗುರುತು ಹಾಕಿ. ನೀರು ತಳದಲ್ಲಿ ಸೇರಿದ ಜಾಗ ಮುಖ್ಯವಲ್ಲ, ಗೆರೆ ಹೊರಟ ಜಾಗ ಮುಖ್ಯ.

ಅದರಲ್ಲೂ ಸಿಗದಿದ್ದರೆ ದಡಕ್ಕೆ ಎಳೆದಾಗ ಒಳಗೆ ನೀರು ತುಂಬಿಸಿ, ಹೊರಗಿನಿಂದ ಬೆವರುವ ಜಾಗ ಹುಡುಕಿ. 10 ಸೆಂ.ಮೀ.ಗಿಂತ ಹೆಚ್ಚು ತುಂಬಿಸಬೇಡಿ, 8 ಚದರ ಮೀಟರ್ ತಳವಾದರೆ ಮೇಲೆ ಹೇಳಿದ ಲೆಕ್ಕದಂತೆ ಅದೇ 800 ಕೆ.ಜಿ. ಆಗುತ್ತದೆ. ದಿಮ್ಮಿಗಳು ಬೆನ್ನೆಲುಬಿನ ಕೆಳಗೆ, ಮೀಟರಿಗೊಂದರಂತೆ ಇರಲಿ. ಪಕ್ಕದ ಆಸರೆ ವಾಲದಿರಲು ಮಾತ್ರ. ಸೋರುವ ಬೆಸುಗೆಯ ಮೇಲೆ ಇನ್ನೊಂದು ಸಾಲು ಬೆಸೆಯಬೇಡಿ. ಗ್ರೈಂಡರಿನಿಂದ ಒಳ್ಳೆಯ ಲೋಹ ಸಿಗುವವರೆಗೆ ತೆಗೆದು, ಒಣಗಿಸಿ, ಹೊಸದಾಗಿ ಬೆಸೆದು, ಅದೇ ಜಾಗವನ್ನು ಮತ್ತೆ ನೀರು ತುಂಬಿಸಿ ನೋಡಿದ ಮೇಲೆಯೇ ಪೇಂಟ್.